ಅಕ್ಕ ಬರೆದ ನವಿಲು

ಶಹಾಬಾದಿನ ನಮ್ಮ ಓಣಿಯಲ್ಲಿ ಇವತ್ತು ಯಾರೋ ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಆ ಹಸಿ ವಾಸನೆಗೆ ಅಕ್ಕ ನೆನಪಾದಳು. ಹುಡುಗಿಯಾಗಿದ್ದಾಗ ಅವಳಿಗೆ ಕಲಬುರಗಿಗೆ ಹೋಗಿ ಚಿತ್ರಕಲೆ ಕಲಿಯುವ ಆಸೆ. ಅಪ್ಪ ಒಪ್ಪಿರಲಿಲ್ಲ.

"ಮೊದಲ ನಿಮ್ಮತ್ತಿ ಮದುವಿಗಿ ಗ್ವಾಡಿ ಮ್ಯಾಲ ಒಂದು ನವಿಲು ಬರಿ, ನೋಡಮು" ಅಂದರು.

ಅಕ್ಕ ಬರೀ ನೀಲಿ, ಹಸಿರು ಬಳಿದು ಕೈ ತೊಳೆದುಕೊಂಡಳು.

"ನವಿಲು ಎಲ್ಲದವ್ವಾ?" ಅಪ್ಪ ಕೇಳಿದರು.

"ಹಾರಿ ಹೋಯ್ತಪ್ಪಾ. ಬಣ್ಣ ಅಷ್ಟೇ ಉಳದಾದ."

ಅಪ್ಪ ಎಲೆಯಡಿಕೆ ಜಗಿಯುತ್ತ ಬಹಳ ಹೊತ್ತು ಗೋಡೆ ನೋಡಿದರು. "ಈಗೇ ಹಾರಿದಂಗದ" ಅಂದವರು, ಅಟ್ಟದಿಂದ ಅವಳಿಗಾಗಿ ಟ್ರಂಕು ಇಳಿಸಿದರು.

'ಅಬ್‌ಸ್ಟ್ರ್ಯಾಕ್ಟ್ ನೌನ್' ಅಂದರೆ ಮುಟ್ಟಲಾಗದ್ದು ಎಂದು ಕಾಲೇಜಿನ ಇಂಗ್ಲಿಷ್ ವ್ಯಾಕರಣದಲ್ಲಿ ಓದಿದ ನೆನಪು. ನನ್ನಾಕೆ ತೀರಿಕೊಂಡಾಗ ಅಕ್ಕ ಕೊಟ್ಟ, ಬರೀ ಬಣ್ಣಗಳ ಅಬ್‌ಸ್ಟ್ರ್ಯಾಕ್ಟ್ ಚಿತ್ರವನ್ನು ನಾನು ದಿನಾ ಮುಟ್ಟುತ್ತೇನೆ. ದೊಡ್ಡ ಊರುಗಳಲ್ಲಿ ತನ್ನ ಚಿತ್ರಗಳ ಪ್ರದರ್ಶನ ನಡೆಸಿದ ಅಕ್ಕ ಈ ವಯಸ್ಸಿನಲ್ಲೂ ಹೊಸ ಕ್ಯಾನ್ವಾಸು ಹಿಡಿದಿದ್ದಾಳೆ.

"ಏನು ಬರೀಲಕತ್ತೀ?" ಎಂದು ಫೋನಿನಲ್ಲಿ ಕೇಳಿದೆ.

"ಏನ್ ಬರ್ತದೋ ಅದೇ ನೋಡಲಕತ್ತೀನಿ, ತಮ್ಮಾ" ಅಂದಳು.