ಹುಡುಗಿಯ ಬದಲು ಮಾತಾಡಿದ ಕಾಕಾ

ಮಗುವಿನ ಬದಲಿಗೆ ಉತ್ತರ ಕೊಡುವ ದೊಡ್ಡವರನ್ನು ಕಂಡರೆ ನನಗೆ ಇಂದಿಗೂ ಮೈ ಉರಿಯುತ್ತದೆ. ಶಹಾಬಾದಿನಲ್ಲಿ ಕಲ್ಲುಗಣಿ ಕೂಲಿಗಳ ಮಕ್ಕಳಿಗೆ ಬಾಲವಾಡಿ ನಡೆಸುತ್ತಿದ್ದಾಗ ನಾನು ಕಲಿಸಿದ್ದು ಅಕ್ಷರವಲ್ಲ. ಬೇಕಾದ್ದನ್ನು ಕೇಳುವುದು, ಸರದಿ ಕಾಯುವುದು, ಬೇಡವಾದರೆ ಬೇಡ ಅನ್ನುವುದು, ಇಷ್ಟೇ. ಯಾರೊಡನೆಯೂ ಬೆರೆಯದ ಒಬ್ಬ ಹುಡುಗಿ ಬಾಯಿಬಿಟ್ಟು ಚೆಂಡು ಕೇಳಲು ನಾಲ್ಕು ತಿಂಗಳು ಹಿಡಿಯಿತು.

ಅವಳನ್ನು ಶಾಲೆಗೆ ಹಾಕುವ ದಿನ ಅವಳ ಕಾಕಾನೂ ನಮ್ಮ ಜೊತೆ ಬಂದ. ಹುಡುಗಿ ತಲೆಯ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿದಳು. ಶಾಲೆಗೆ ಸೇರುವ ವಯಸ್ಸಾಗಿದೆ ಎಂದು ಒಪ್ಪಿದ ಹೆಡ್‌ಮಾಸ್ತರರು ಹೆಸರು ಕೇಳಿದರು. ಕಾಕಾ ಹೇಳಿದ. ಅಪ್ಪನ ಕೆಲಸ ಕೇಳಿದರು. ಅದಕ್ಕೂ ಕಾಕಾನೇ.

"ಹುಡುಗಿ ಮೂಕಿ ಅದಾಳೇನ್ರಿ ಅಕ್ಕೋರ? ಮೂಕರಿಗೆ ಇಲ್ಲಿ ಜಾಗಾ ಇಲ್ರಿ" ಎಂದು ಅವರು ನನ್ನತ್ತ ತಿರುಗಿದರು.

"ಹೌದ್ರಿ ಸರ್, ಅದಕ್ಕ ಮಾತ ಬರಂಗಿಲ್ರಿ" ಎಂದ ಕಾಕಾ, ಕೈಮುಗಿದು!

"ನೀವು ಬಾಯಿ ಮುಚ್ರಿ" ಎಂದು ಅವನನ್ನು ಗದರಿದೆ. "ಸರ್, ಇನ್ನೊಮ್ಮೆ ಕೇಳ್ರಿ. ಕೇಳಿ ಸುಮ್ಮ ಕುಂದ್ರಿ."

ಅವರು ಕೇಳಿದರು. ಬಹಳ ಹೊತ್ತು ಕಾದೆವು.

"ಹೇಳ್ತೀನ್ರಿ" ಎಂದಳು ಹುಡುಗಿ. "ಮದ್ಲ ಕಾಕಾಗ ಹೊರಗ ಕಳಸ್ರಿ."

"ಅಬ್ಬಬ್ಬಾ, ಭಾಳ ಬಾಯಿ ಅದ ಇದಕ್ಕ! ನಮ್ಮ ಸಾಲಿಗಿ ಬ್ಯಾಡ" ಎಂದರು ಹೆಡ್‌ಮಾಸ್ತರರು.

ನಾನು ಬಿಡಲಿಲ್ಲ. "ಮೂಕಿ ಅಂತ ಬ್ಯಾಡೋ, ಬಾಯಿ ಅದ ಅಂತ ಬ್ಯಾಡೋ? ಒಂದು ಹೇಳ್ರಿ. ಅದನ್ನ ಕಾಗದದ ಮ್ಯಾಲ ಬರದು ಸಹಿ ಮಾಡಿ ಕೊಡ್ರಿ, ಹೋಗ್ತೀವಿ."

ಸಹಿ ಕೇಳಿದರೆ ಎಂಥ ಅಧಿಕಾರಿಯೂ ಮೆತ್ತಗಾಗುತ್ತಾನೆ. ನೀವೂ ಕೇಳಿ ನೋಡಿ. ಅವರು ರಿಜಿಸ್ಟರ್ ತೆರೆದರು. ಕಾಕಾನನ್ನು ನಾನೇ ರಟ್ಟೆ ಹಿಡಿದು ಹೊರಗೆ ನಿಲ್ಲಿಸಿ ಬಂದೆ. ಹುಡುಗಿ ತನ್ನ ಹೆಸರನ್ನು ತಾನೇ ಬರೆಸಿದಳು.