ತಿಮ್ಮಪ್ಪನ ಮುಡಿಪಿಗೆ ನಮ್ಮತ್ತೆ ಏರಿಸಿದ ಬಡ್ಡಿ

ನಮ್ಮತ್ತೆ ಓದಿದವರಲ್ಲ. ಆದರೂ ಚಿನ್ನದ ಗಣಿಯ ಊರಾದ ಚಾಂಪಿಯನ್ ರೀಫ್ಸಿನ ನಮ್ಮ ಲೈನ್ ಮನೆಯಲ್ಲಿ ಬಡ್ಡಿ ಎಷ್ಟೆಂದು ಗೊತ್ತುಮಾಡುತ್ತಿದ್ದವರು ಅವರೇ. ದೇವರ ಗೂಡಿನ ಮೊಳೆಗೆ ಅರಿಶಿನ ಬಟ್ಟೆಯ ಗಂಟೊಂದು ತೂಗುತ್ತಿತ್ತು. ತಿರುಪತಿ ತಿಮ್ಮಪ್ಪನ ಮುಡಿಪು. ನನ್ನ ಮಗ ಹಸುಗೂಸಾಗಿದ್ದಾಗ ಒಮ್ಮೆ ಉಸಿರು ಕಟ್ಟಿ ನೀಲಿ ತಿರುಗಿದ್ದ. ಮಗು ಉಳಿದರೆ ಮನೆಮಂದಿಯೆಲ್ಲ ಬಂದು ಅದರ ಮುಡಿ ಕೊಡುತ್ತೇವೆ, ಅಲ್ಲಿಯವರೆಗೆ ಕೂದಲಿಗೆ ಕತ್ತರಿ ತಾಗಿಸುವುದಿಲ್ಲ ಎಂದು ಅತ್ತೆ ಹರಕೆ ಹೊತ್ತರು. ಮಗು ಉಳಿಯಿತು. ತಿಮ್ಮಪ್ಪ ತನ್ನ ಪಾಲಿನ ಕೆಲಸ ಅವತ್ತೇ ಮುಗಿಸಿದ. ತಡವಾದದ್ದು ನಮ್ಮ ಕಡೆಯಿಂದ.

ಮುಡಿ ಕೊಡುವುದು ಮಗುವಿನ ವಯಸ್ಸಿನ ಬೆಸ ವರ್ಷದಲ್ಲೇ ಆಗಬೇಕು. ಮೊದಲ ವರ್ಷ ಯಜಮಾನರ ಕಾಲ ಮೇಲೆ ಗಣಿಯಲ್ಲಿ ಕಲ್ಲು ಬಿತ್ತು. ಕಾಲು ಉಳಿಯಿತಲ್ಲ, ಅದೇ ದೊಡ್ಡದು ಅಂದುಕೊಂಡೆವು. ಮೂರನೆಯ ವರ್ಷ ಅಕ್ಕಿಯ ಬೆಲೆ ನಮ್ಮನ್ನು ಹೊಸಲು ದಾಟಗೊಡಲಿಲ್ಲ. ಐದರಲ್ಲಿ ಮಾಡದಿದ್ದರೆ ಏಳಕ್ಕೇ. ಅಷ್ಟರಲ್ಲಿ ಮಗನ ಜಡೆ ಬೆನ್ನಿಗಿಳಿದಿತ್ತು. ಆಸ್ತಿ ತಿಮ್ಮಪ್ಪನದು, ಎಣ್ಣೆ, ಸೀಗೇಕಾಯಿ, ಹೇನು ಆರಿಸುವ ಚಾಕರಿಯೆಲ್ಲ ನನ್ನದು.

ಮುಡಿಪಿನ ಕಾಸನ್ನು ಮುಟ್ಟಲೇಬಾರದು ಎಂದೇನೂ ಇರಲಿಲ್ಲ. ತಿಂಗಳ ಕೊನೆಗೆ ಕೈ ಬರಿದಾದಾಗ ಕೈಮುಗಿದು ತೆಗೆದುಕೊಳ್ಳಬಹುದು, ಸಂಬಳದ ದಿನ ಬಡ್ಡಿ ಸೇರಿಸಿ ಮತ್ತೆ ಕಟ್ಟಬೇಕು. ತಿಮ್ಮಪ್ಪನೇ ತನ್ನ ಮದುವೆಗೆ ಕುಬೇರನ ಹತ್ತಿರ ಸಾಲ ಮಾಡಿ ಇವತ್ತಿಗೂ ಬಡ್ಡಿ ತೀರಿಸುತ್ತಿರುವವನು. ನಮ್ಮ ಕಡೆಯ ತೆಲುಗರು ಅವನನ್ನು ಬಡ್ಡಿಕಾಸಿನವನು, ವಡ್ಡಿಕಾಸುಲವಾಡು ಎಂದೇ ಕರೆಯುತ್ತಾರೆ. ಸಾಲದ ಸಂಕಟ ಗೊತ್ತಿರುವ ದೇವರು ಸಿಕ್ಕಿದ್ದು ನನ್ನ ಪುಣ್ಯ. ರೂಪಾಯಿಗೆ ಒಂದಾಣೆ ಬಡ್ಡಿ. ಹೊಸ ಪೈಸೆ ಬಂದು ವರ್ಷಗಳಾಗಿದ್ದರೂ ಅತ್ತೆ ಆಣೆಯನ್ನು ಬಿಟ್ಟಿರಲಿಲ್ಲ. ನಾನು ತಿಂಗಳು ತಿಂಗಳೂ ಸಾಲ ತೆಗೆಯುತ್ತಿದ್ದೆ, ನನ್ನ ಬಡ್ಡಿಯಿಂದ ಗಂಟು ದಪ್ಪಗಾಗುತ್ತಿತ್ತು.

ಒಂದು ಸಂಜೆ ಯಜಮಾನರು ಆಂಡರ್ಸನ್‌ಪೇಟೆಯ ಟೀ ಅಂಗಡಿಯಲ್ಲಿ ಪೇಪರ್ ಓದಿಸಿಕೊಂಡು ಬಂದರು.

"ಬೊಂಬಾಯಿನಾಗೆ ಬ್ಯಾಂಕುಗಳ್ಗೇ ಸಾಲ ಕೊಡೋ ದೊಡ್ಡ ಬ್ಯಾಂಕ್ ಐತಂತೆ ಕಣಮ್ಮ. ಬಡ್ಡಿ ಏರ್ಸವ್ರಂತೆ."

"ಯಾಕ್ಲಾ?" ಎಂದರು ಅತ್ತೆ.

"ಬಡ್ಡಿ ಜಾಸ್ತಿ ಆದ್ರೆ ಜನ ಸಾಲ ಮಾಡಲ್ಲ. ಸಾಲ ಇಲ್ದಿದ್ರೆ ಕೊಳ್ಳೋದು ಕಮ್ಮಿ. ಕೊಳ್ಳೋರಿಲ್ದಿದ್ರೆ ಬೆಲೆ ತಾನೇ ಇಳೀತದೆ ಅಂತ."

ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದ ಅತ್ತೆ ಮೊರ ಕೆಳಗಿಟ್ಟರು. "ಅದಾ ವಿಷ್ಯ! ನಿನ್ನೆಂಡ್ತಿ ತಿಂಗ್ಳು ತಿಂಗ್ಳು ಸಾಲ ತಗ್ದು ತಗ್ದೇ ಅಕ್ಕಿ ಬೆಲೆ ಏರಿರೋದು. ನಾಳೆಯಿಂದ ರೂಪಾಯಿಗೆ ಎರಡಾಣೆ."

"ನಾನೊಬ್ಳು ಅಕ್ಕಿ ಕೊಂಡ್ರೆ ಇಡೀ ಬಜಾರ್ನಾಗೆ ಬೆಲೆ ಏರ್ತದಾ ಅತ್ತೆ?"

"ಮತ್ತೆ ಬೊಂಬಾಯಿಯೋರೇನು ದಡ್ರೇನೇ?"

ಬೊಂಬಾಯಿಯನ್ನೂ ಅತ್ತೆಯನ್ನೂ ಒಟ್ಟಿಗೆ ಎದುರು ಹಾಕಿಕೊಳ್ಳುವುದು ಆಗದ ಮಾತು. ನಾನು ಸಾಲ ನಿಲ್ಲಿಸಿದೆ. ಪಕ್ಕದ ಮನೆಯ ತಮಿಳಿನಾಕೆಯ ಹತ್ತಿರ ಅಕ್ಕಿಯನ್ನೇ ಕೈಗಡ ತರುತ್ತಿದ್ದೆ. "ಅರಿಸಿ ತಕ್ಕೋ, ಅರಿಸಿನೇ ತಿರುಗ್ಸಿ ಕೊಡಕ್ಕಾ, ಕಾಸ್ ಮಾತೇ ವೇಂಡಾ" ಎನ್ನುತ್ತಿದ್ದಳು ಆ ತಾಯಿ. ಸೇರಿಗೆ ಸೇರು. ಬೆಲೆ ಏರಲಿ ಇಳಿಯಲಿ, ಸೇರು ಸೇರೇ. ಮುಂಚೆ ದೇವರಿಗೆ ಕೊಡುತ್ತಿದ್ದ ಬಡ್ಡಿಯ ಕಾಸನ್ನು ಕುಂಕುಮದ ಭರಣಿಗೆ ಹಾಕುತ್ತಾ ಬಂದೆ.

ಸ್ವಲ್ಪ ಕಾಲದ ಮೇಲೆ ಅತ್ತೆ ಗಂಟನ್ನು ಕೈಯಲ್ಲಿ ತೂಗಿ ನೋಡಿದರು. "ಏನೇ, ಎರಡಾಣೆ ಮಾಡಿದ್ರೂ ಇದು ಊದ್ತಾನೇ ಇಲ್ವಲ್ಲಾ?"

"ಸಾಲ ತಕ್ಕಂಡ್ರೆ ತಾನೇ ಅತ್ತೆ ಬಡ್ಡಿ?"

"ಬೆಲೆನಾದ್ರೂ ಇಳೀತಾ?"

"ಎಲ್ಲಿ ಇಳೀತದೆ?"

ಗೋಡೆಯ ಮೇಲಿನ ತಿಮ್ಮಪ್ಪನ ಪಟವನ್ನು, ಅವನೇ ಆ ಬೊಂಬಾಯಿ ಬ್ಯಾಂಕಿನ ಯಜಮಾನನೇನೋ ಎನ್ನುವ ಹಾಗೆ ಅತ್ತೆ ದುರುಗುಟ್ಟಿ ನೋಡಿದರು.

ಮಗನನ್ನು ಶಾಲೆಗೆ ಸೇರಿಸಲು ಕರೆದುಕೊಂಡು ಹೋದೆ. ಮೇಷ್ಟ್ರು ಕತ್ತೆತ್ತಿ, "ಹುಡುಗಿ ಹೆಸರೇನಮ್ಮಾ?" ಎಂದರು. "ನಾನು ಗಂಡ್ಸು! ಕೂದ್ಲು ಮಾತ್ರ ತಿಮ್ಮಪ್ಪಂದು!" ಎಂದು ಕಿರುಚಿದ ಮಗ ಮನೆಗೆ ಬಂದು ಮೂಲೆ ಹಿಡಿದು ಕೂತ. "ಜಡೆ ಓಗೋಗಂಟ ಇಸ್ಕೂಲಿಗೆ ಓಗಲ್ಲ." ಹೊಡೆದರೂ ಇಲ್ಲ, ಬೆಲ್ಲ ಕೊಟ್ಟರೂ ಇಲ್ಲ. ಐದು ತುಂಬಲು ಹೆಚ್ಚು ದಿನ ಉಳಿದಿರಲಿಲ್ಲ. ಈ ಸಲ ತಪ್ಪಿದರೆ ಇನ್ನೆರಡು ವರ್ಷ ಜಡೆ, ಇನ್ನೆರಡು ವರ್ಷ ಮೂಲೆ.

ಅದೇ ಸಮಯಕ್ಕೆ ಸರ್ಕಾರ ರೂಪಾಯಿಯ ಬೆಲೆಯನ್ನೇ ಇಳಿಸಿತು. ಯಜಮಾನರು ಸುದ್ದಿ ತಂದಾಗ ಅತ್ತೆ ಹಣೆ ಚಚ್ಚಿಕೊಂಡರು. "ಬೆಲೆ ಇಳಿಸ್ರಪ್ಪಾ ಅಂದ್ರೆ ರೂಪಾಯಿ ಬೆಲೆ ಇಳ್ಸವಲ್ಲೋ, ಮುಂಡೇವು!"

ದೀಪ ಹಚ್ಚಿ ಮುಡಿಪು ಬಿಚ್ಚಿದೆವು. ಬಂಗಾರಪೇಟೆಯಿಂದ ಕಾಟ್ಪಾಡಿ, ಅಲ್ಲಿಂದ ತಿರುಪತಿ, ಬೆಟ್ಟ, ಊಟ, ವಾಪಸ್ಸು. ಯಾವ ಕಡೆಯಿಂದ ಲೆಕ್ಕ ಹಾಕಿದರೂ ಮನೆಮಂದಿಗೆಲ್ಲ ಸಾಲದು. ಹರಕೆ ಹೊತ್ತಾಗ ಸಾಕಾಗುತ್ತಿದ್ದ ದುಡ್ಡು ಗಂಟಿನೊಳಗೆ ಕೂತಲ್ಲೇ ಸೊರಗಿತ್ತು. ಮಗ ಮೂಲೆಯಿಂದ ಎಲ್ಲರ ಮುಖ ನೋಡುತ್ತಿದ್ದ.

ಅತ್ತೆ ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿ ತೀರ್ಪು ಕೊಟ್ಟರು. "ದುಡ್ಡು ದೊಡ್ಡ ತಿಮ್ಮಪ್ಪಂಗೆ, ಕೂದ್ಲು ಬಂಗಾರು ತಿರುಪತಿ ತಿಮ್ಮಪ್ಪಂಗೆ. ಇಬ್ರೂ ಒಬ್ನೇ ತಾನೇ? ಕುಬೇರ್ನೂ ಬಡ್ಡಿ ಏರ್ಸಿರ್ತಾನೆ, ದುಡ್ಡಿನ ತಾಪತ್ರಯ ಬೆಟ್ಟದ ಮೇಲಿರೋನ್ಗೆ. ಈ ಕೂದ್ಲು ತಕ್ಕಂಡು ಅವನೇನ್ ಸಾಲ ತೀರಿಸ್ತಾನಾ?"

ಮುಡಿಪನ್ನು ತಿರುಪತಿಗೆ ಹೊರಟಿದ್ದ ಪಕ್ಕದ ಮನೆಯಾಕೆಯ ಕೈಗಿಟ್ಟು, ಇಲ್ಲೇ ಹತ್ತಿರದ ಬಂಗಾರು ತಿರುಪತಿಗೆ ಬಸ್ಸು ಹತ್ತಿದೆವು. ಮರದ ಕೆಳಗೆ ಕ್ಷೌರಿಕ ಕೂತಿದ್ದ. ಅವನು ಮಗನ ತಲೆ ನೆನೆಸಿ, ಎಡಗಡೆಯೆಲ್ಲ ಬೋಳಿಸಿದ ಮೇಲೆ ಅತ್ತೆ ನಾಲ್ಕಾಣೆ ಚಾಚಿದರು.

"ಎಂಟಾಣೆ ಅಜ್ಜಿ. ಕತ್ತಿ ಸಾಣೆ ಇಡಿಸಾಕೆ ಈಗ ಎಷ್ಟ್ ಕೇಳ್ತವ್ರೆ ಗೊತ್ತಾ?"

"ನಿಂಗೂ ಬೆಲೆ ಏರ್ತಾ? ನಾಲ್ಕಾಣೆಗೆ ಎಷ್ಟು ಬತ್ತದೋ ಅಷ್ಟು ಬೋಳ್ಸಪ್ಪ."

"ಅಷ್ಟೂ ಆಗೋಯ್ತಲ್ಲ!" ಎಂದು ಅವನು ಕತ್ತಿ ಮಡಚಿಯೇಬಿಟ್ಟ.

ಯಜಮಾನರು ಜೇಬು ತಡಕಿದರು. ಬಸ್ಸಿನ ಕಾಸು ಬಿಟ್ಟರೆ ಏನಿಲ್ಲ. ಮಗ ಬೋಳಾದ ಕಡೆ ಒಂದು ಕೈ, ಜಡೆಯ ಕಡೆ ಒಂದು ಕೈ ಇಟ್ಟುಕೊಂಡ. ನಾನು ಸೆರಗಿನ ಗಂಟು ಬಿಚ್ಚಿ, ಕುಂಕುಮ ಮೆತ್ತಿದ ಕಾಸು ಎಣಿಸಿ ಕ್ಷೌರಿಕನಿಗೆ ಕೊಟ್ಟೆ. ಕತ್ತಿ ಮತ್ತೆ ತೆರೆಯಿತು.

"ಎಲ್ಲೀದೇ ಇದು?" ಎಂದರು ಅತ್ತೆ.

"ನಿಮ್ಮ ಎರಡಾಣೆಗೆ ಎದ್ರಿ ಸಾಲ ನಿಲ್ಸಿದ್ನಲ್ಲಾ ಅತ್ತೆ. ಉಳಿದ ಬಡ್ಡಿ."

ಅತ್ತೆ ಸೆಟೆದು ನಿಂತು ಯಜಮಾನರ ಕಡೆ ತಿರುಗಿದರು. "ನೋಡ್ದೇನ್ಲಾ? ನಾನು ಬಡ್ಡಿ ಏರ್ಸಿದ್ಕೇ ಅಲ್ವೇನ್ಲಾ ಮಗೀಗೆ ತಲೆ ಪೂರ್ತಿ ಆಗಿದ್ದು!"

ಮಾರನೆಯ ದಿನ ಮಗ ಗಂಧ ಮೆತ್ತಿದ ಬೋಳು ತಲೆಯನ್ನು ದಾರಿಯುದ್ದಕ್ಕೂ ಸವರಿಕೊಳ್ಳುತ್ತಾ ಶಾಲೆಗೆ ಹೋದ. ಅಕ್ಕಿಯ ಬೆಲೆ ಮಾತ್ರ ಬೊಂಬಾಯಿಯ ಮಾತನ್ನೂ ಕೇಳಲಿಲ್ಲ, ನಮ್ಮತ್ತೆಯ ಮಾತನ್ನೂ ಕೇಳಲಿಲ್ಲ. ಆ ವರ್ಷ ನಮ್ಮ ಮನೆಯಲ್ಲಿ ಖರ್ಚು ಇಳಿದದ್ದು ಸೀಗೇಕಾಯಿಯದೊಂದೇ. ಅದಕ್ಕೂ ತಿಮ್ಮಪ್ಪನಿಗೆ ಕೈಮುಗಿದೆ.