ಎದುರಿನ ತೀರ್ಪು, ಮೊದಲ ಪುಟ

ನಮ್ಮಕ್ಕ ಮೇಲ್ಮನವಿಯ ವಕೀಲೆ. ಸಾಕ್ಷಿಗಳನ್ನು ಗದರಿಸುವ ಕೆಲಸ ಅವಳದ್ದಲ್ಲ. ಕೆಳಗಿನ ಕೋರ್ಟಿನ ಕಡತ ಓದಿ, ಹಳೆಯ ತೀರ್ಪು ಹುಡುಕಿ, ಬರೆದು ಒಪ್ಪಿಸಬೇಕು. ಬರೆದದ್ದನ್ನೆಲ್ಲ ಕಾನೂನಿನ ಗಂಧಗಾಳಿಯಿಲ್ಲದ ನನ್ನೆದುರು ಓದುತ್ತಾಳೆ. ನಾನು ಆಕಳಿಸಿದ ಸಾಲನ್ನು ಹೊಡೆದುಹಾಕುತ್ತಾಳೆ. ನನ್ನದು ಬಿಟ್ಟಿ ಚಾಕರಿ, ಒಂದು ದಿನವೂ ಥ್ಯಾಂಕ್ಸ್ ಹೇಳಿದವಳಲ್ಲ.

ಆ ಸಲ ಒಬ್ಬ ಲಾರಿ ಚಾಲಕನ ಮೊಕದ್ದಮೆ ಬಂದಿತ್ತು. ಗೋದಾಮಿನಲ್ಲಿ ಕಾವಲುಗಾರನ ಹೆಣ ಸಿಕ್ಕಿತ್ತು. ಅವನ ಜೊತೆ ಕೊನೆಗೆ ಕಂಡವನು ಈ ಚಾಲಕ. ಅಷ್ಟಕ್ಕೇ ಜೀವಾವಧಿ ಶಿಕ್ಷೆಯಾಗಿ, ವರ್ಷಗಳಿಂದ ಒಳಗಿದ್ದ. ಜೊತೆಗೆ ಕಂಡ ಮಾತ್ರಕ್ಕೆ ಕೊಲೆಗಾರನಾಗುವುದಿಲ್ಲ ಎನ್ನುವ ತೀರ್ಪುಗಳನ್ನು ಅಕ್ಕ ಒಟ್ಟುಮಾಡಿದ್ದಳು. ವಿಚಾರಣೆಯ ಹಿಂದಿನ ಮಧ್ಯಾಹ್ನ ಚಾಲಕನ ಹೆಂಡತಿ ನಮ್ಮ ಮುಂದಿನ ಕೋಣೆಯಲ್ಲಿ ಕೂತಿದ್ದಾಗ, ಒಳಗೆ ಅಕ್ಕನ ಮುಖ ಬಿಳಿಚಿಕೊಂಡಿತು. ಮೇಲ್ಮನವಿ ಕೇಳಲಿದ್ದ ಅದೇ ಕೋರ್ಟಿನ ಈಚಿನ ತೀರ್ಪೊಂದು ಸಿಕ್ಕಿತ್ತು: ಜೊತೆಗಿದ್ದವನು ಸರಿಯಾದ ವಿವರಣೆ ಕೊಡದಿದ್ದರೆ ಶಿಕ್ಷೆ ಖಾಯಂ. ನಮ್ಮ ಚಾಲಕ ಬಾಯಿಯೇ ಬಿಟ್ಟಿರಲಿಲ್ಲ.

"ಸರ್ಕಾರಿ ವಕೀಲರು ಇದನ್ನ ನೋಡಿದ್ದಾರಾ?" ಎಂದೆ.

"ಇಲ್ಲ ಅನ್ಸತ್ತೆ. ಅವರು ಕೊಟ್ಟ ಕಾಗದದಲ್ಲಿ ಇಲ್ಲ."

"ಹಾಗಾದ್ರೆ ತೆಪ್ಪಗಿರು. ನಿನ್ನ ಕಾಲ ಮೇಲೆ ನೀನೇ ಯಾಕೆ ಕಲ್ಲು ಎತ್ತಿಹಾಕ್ಕೋತೀಯಾ?"

"ಗೊತ್ತಿದ್ದೂ ಮುಚ್ಚಿಡೋ ಹಾಗಿಲ್ಲ ಕಣೇ. ನಮಗೆ ಎದುರಿನ ತೀರ್ಪಿದ್ರೆ ಕೋರ್ಟಿಗೆ ನಾವೇ ಹೇಳ್ಬೇಕು. ನಮ್ಮ ವೃತ್ತಿ ಇರೋದೇ ಹಾಗೆ."

ನನಗೆ ಪಿತ್ತ ನೆತ್ತಿಗೇರಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಚಾಲಕನ ಹೆಂಡತಿ.

"ನನ್ನ ಗಂಡನ ಜೀವ ಒತ್ತೆ ಇಟ್ಟು ನಿಮ್ಮ ವೃತ್ತಿ ನಡೆಸ್ತೀರಾ? ಕಾಗದ ವಾಪಸ್ ಕೊಡಿ. ಬೇರೆಯವರ ಹತ್ರ ಹೋಗ್ತೀನಿ."

"ಸಂಜೆವರೆಗೆ ಕೂತಿರಿ," ಎಂದಳು ಅಕ್ಕ. "ಆಮೇಲೂ ಬೇಡ ಅನ್ಸಿದ್ರೆ ಕೊಡ್ತೀನಿ."

ತೀರ್ಪಿನ ತಲೆಯ ಮೇಲೆ ಅಚ್ಚಾಗುವ ಸಾರಾಂಶ ಓದಿ, ತೀರ್ಪನ್ನೇ ಓದಿದೆ ಅಂದುಕೊಳ್ಳುವುದು ವಕೀಲರ ಹಳೆಯ ಚಾಳಿ. ಅಕ್ಕ ಇಡೀ ತೀರ್ಪು ಓದಿದಳು. ಅಲ್ಲಿ ಕೊಲೆಯಾದ ಮನೆಗೆ ಒಳಗಿನಿಂದ ಚಿಲಕ ಹಾಕಿತ್ತು, ಮೂರನೆಯವರು ಬರುವ ದಾರಿಯಿರಲಿಲ್ಲ. ನಮ್ಮ ಗೋದಾಮಿನ ಹಿಂಬಾಗಿಲಿಗೆ ಬೀಗವೇ ಇರಲಿಲ್ಲ. ಪೊಲೀಸರ ಕಡೆಯ ಸಾಕ್ಷಿಯೇ ಹಾಗೆ ಹೇಳಿದ್ದ, ಕೆಳಗಿನ ಕೋರ್ಟು ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ. ಅಕ್ಕ ಬರೆದಿದ್ದನ್ನೆಲ್ಲ ಬದಿಗಿಟ್ಟು, ಆ ಎದುರಿನ ತೀರ್ಪಿನಿಂದಲೇ ವಾದ ಶುರುಮಾಡಿದಳು. ಸಂಜೆ ನಮ್ಮಿಬ್ಬರಿಗೂ ಓದಿದಳು. ನಾನು ಆಕಳಿಸಲಿಲ್ಲ.

"ಆ ಬಾಗಿಲಿನ ವಿಷಯ ಇನ್ನೊಂದ್ಸಲ ಓದಿ," ಎಂದಳು ಚಾಲಕನ ಹೆಂಡತಿ. ಕೇಳಿಸಿಕೊಂಡು, ಕಾಗದ ವಾಪಸ್ ಕೇಳದೆ ಹೊರಟುಹೋದಳು.

ಮರುದಿನ ಕೋರ್ಟಿನಲ್ಲಿ ಸರ್ಕಾರಿ ವಕೀಲರು ಅಕ್ಕ ಕೊಟ್ಟ ತೀರ್ಪನ್ನೇ ಎತ್ತಿಕೊಂಡು ಗುಡುಗಿದರು. ಪಕ್ಕದಲ್ಲಿ ಕೂತಿದ್ದ ಚಾಲಕನ ಹೆಂಡತಿ ನನ್ನ ಮಣಿಕಟ್ಟನ್ನು ಉಗುರು ನಾಟುವಂತೆ ಹಿಡಿದಳು. ನಾನು ಮನಸ್ಸಿನಲ್ಲೇ ಅಕ್ಕನಿಗೆ ಹಿಡಿಶಾಪ ಹಾಕಿದೆ.

"ಸರಿ, ಹಿಂಬಾಗಿಲ ಬಗ್ಗೆ ಏನು ಹೇಳ್ತೀರಿ?" ನ್ಯಾಯಾಧೀಶರು ಕೇಳಿದರು.

ಸರ್ಕಾರಿ ವಕೀಲರು ಪುಟ ತಿರುವಿದರು. ಹಿಂದಕ್ಕೆ ಬಂದು ಮತ್ತೆ ತಿರುವಿದರು. ಕೊನೆಗೆ ಅವರು ಕೂತುಬಿಟ್ಟರು. ನ್ಯಾಯಾಧೀಶರು ಅಲ್ಲೇ ಆದೇಶ ಬರೆಸತೊಡಗಿದರು.

"ಏನಂತಿದಾರೆ?" ಆಕೆಗೆ ಆ ಕಾನೂನಿನ ಮಾತು ಒಂದೂ ತಿಳಿದಿರಲಿಲ್ಲ. ನಾನು ಮುಂದೆ ಕೂತಿದ್ದ ಅಕ್ಕನ ಭುಜ ತಟ್ಟಿದೆ.

ಅಕ್ಕ ಹಿಂದಕ್ಕೆ ಬಾಗಿದಳು. "ಬಿಡುಗಡೆ. ಜೈಲಿನ ಹತ್ರ ಹೋಗುವಾಗ ಅವರಿಗೊಂದು ಜೊತೆ ಬಟ್ಟೆ ತಗೊಂಡು ಹೋಗಿ."

"ಈಗ ಅವರ ಅಳತೆ ಎಷ್ಟೋ ನಂಗೊತ್ತಿಲ್ವಲ್ಲಮ್ಮ," ಎಂದು ಆಕೆ ಅತ್ತಳು.